ಠಕ್ಕನ ಮನೆಯಲ್ಲಿ ಪ್ರೇಮ: ಪಂಥಭಂಗದ ಕಾದಂಬರಿಯನ್ನು ಕುರಿತು



ಪ್ರೇಮವನ್ನೂ ಭೀತಿಯನ್ನೂ ಒಂದೇ ಹುರಿಯಲ್ಲಿ ಹೊಸೆದು, ಘಾತುಕವಾದ ಒಂದು ಗೂಢಪಂಥದ ಒಳಹೊಕ್ಕು, ಕಟ್ಟಕಡೆಗೆ ಅದನ್ನು ಬುಡಮೇಲು ಮಾಡುವ ಕಥೆಗಳಿಗೆ ಓದುಗರು ಎಂದೂ ಕಡಮೆಯಾದುದಿಲ್ಲ. ಆದರೆ ನಮ್ಮ ವಿಮರ್ಶೆಯು ಅಂಥ ಕೃತಿಗಳನ್ನು ಬಾಡಿಗೆಯ ವಾಚನಾಲಯದ ಕಪಾಟಿಗೆ ಒಪ್ಪಿಸಿ, ಅವು ಪ್ರಯಾಣಕಾಲದ ವಿನೋದಕ್ಕೆ ಸಾಕು, ಪರ್ಯಾಲೋಚನೆಗೆ ಬೇಡ ಎಂದು ತೀರ್ಮಾನಿಸಿದಂತೆ ತೋರುತ್ತದೆ. ಆ ತೀರ್ಮಾನವನ್ನು ನಾನು ಒಪ್ಪಲಾರೆ. ಘಾತುಕಪಂಥವೊಂದು ಮನುಷ್ಯನನ್ನು ತನ್ನವನನ್ನಾಗಿ ಮಾಡಿಕೊಳ್ಳುವಾಗ ಮೊದಲು ಬಳಸುವ ಸಾಧನ ಬೆದರಿಕೆಯಲ್ಲ, ವಾತ್ಸಲ್ಯ; ಅನಾಥನಿಗೆ ಅದು ತಂದೆಯಾಗಿ ಬರುತ್ತದೆ, ಏಕಾಕಿಗೆ ಬಳಗವಾಗಿ ಬರುತ್ತದೆ, ದಾರಿಹೋಕನಿಗೆ ಒಳ್ಳೆಯ ಜೊತೆಯಾಗಿ ಬರುತ್ತದೆ. ಪ್ರೀತಿಯ ದಾರಿಯಿಂದಲೇ ಒಳಬರುವ ಕೇಡನ್ನು ಬಣ್ಣಿಸಹೊರಟ ಕಾದಂಬರಿಯು ಪ್ರೇಮಕಥೆಯಾಗಿರಲೇಬೇಕೆಂಬುದೂ, ಪ್ರೇಮವನ್ನು ಅದರಿಂದ ತೆಗೆದುಹಾಕಿದರೆ ಉಳಿಯುವುದು ಬರಿಯ ಪೊಲೀಸು ದಫ್ತರವೆಂಬುದೂ ಈ ಉಪನ್ಯಾಸದಲ್ಲಿ ನಾನು ಪ್ರತಿಪಾದಿಸಬೇಕೆಂದಿರುವ ವಿಚಾರ.

ಇದನ್ನು ಈ ಸ್ಥಳದಲ್ಲಿ ನಿಂತು ಹೇಳುವುದಕ್ಕೆ ಕಾರಣವುಂಟು. ಸುಮಾರು 120 ಮಗರ ಕುಟುಂಬಗಳು ತಮ್ಮ ಪೂರ್ವಿಕರಿಂದ ಬಂದ 400 ಎಕರೆಯಷ್ಟು ಹೊಲವನ್ನು ಒಬ್ಬರನ್ನೊಬ್ಬರು ನಂಬಿ ಒಂದುಗೂಡಿಸಿ ಕಟ್ಟಿದ ಪುಣೆಯ ಈ ಮಗರಪಟ್ಟಾ ನಗರದ ಮಗ್ಗುಲಲ್ಲಿಯೇ ಸೊಲ್ಲಾಪುರದ ಹೆದ್ದಾರಿ ಹರಿದುಹೋಗುತ್ತದೆ. ಹಡಪಸರದಿಂದ ಹೊರಟ ಆ ದಾರಿ ಇಂದಾಪುರ, ಸೊಲ್ಲಾಪುರಗಳನ್ನು ದಾಟಿ, ನಳದುರ್ಗ, ಉಮರ್ಗಾಗಳ ಮೂಲಕ ನಮ್ಮ ಹುಮನಾಬಾದಿಗೂ ಅಲ್ಲಿಂದ ಹೈದರಾಬಾದಿಗೂ ಮುಟ್ಟುತ್ತದೆ. ಇಲ್ಲಿಯ ಕನ್ನಡಿಗರಾದ ನಿಮ್ಮಲ್ಲಿ ಅನೇಕರು ಹಬ್ಬಕ್ಕೆ ಊರಿಗೆ ಹೋಗುವ ದಾರಿ ಅದೇ. ಆಷಾಢದಲ್ಲಿ ದೇಹುವಿನಿಂದ ಹೊರಟ ತುಕಾರಾಮರ ಪಾಲಖಿಯು ಪಂಢರಪುರಕ್ಕೆ ಸಾಗುವಾಗ ಇದೇ ಹಡಪಸರವನ್ನು ಹಾಯ್ದು ಲೋಣಿಯ ಕಡೆಗೆ ನಡೆಯುತ್ತದೆ. ಅಪರಿಚಿತರು ಅಪರಿಚಿತರ ಜೊತೆ ಹೆಜ್ಜೆ ಹಾಕುವ, ಒಬ್ಬರ ಬುತ್ತಿಯನ್ನು ಇನ್ನೊಬ್ಬರು ಉಣ್ಣುವ ಆ ವಾರಕರಿಗಳದೂ ಒಂದು ಪಂಥವೇ. ಆದುದರಿಂದ ಪಂಥವೆಂಬುದನ್ನೆಲ್ಲ ಅನುಮಾನದಿಂದ ನೋಡುವ ಅಭ್ಯಾಸಕ್ಕೆ ಈ ಉಪನ್ಯಾಸದಲ್ಲಿ ಅವಕಾಶವಿಲ್ಲ. ದಾರಿಯ ಮೇಲಿನ ಈ ವಿಶ್ವಾಸವನ್ನೇ ಬಂಡವಾಳವಾಗಿ ಹಿಡಿದು, ಸಹಯಾತ್ರಿಕರಂತೆ ಸೇರಿಕೊಂಡು, ನಾಲ್ಕಾರು ದಿನ ಉಂಡು ನಕ್ಕು ಹಾಡಿ, ಏಕಾಂತಸ್ಥಳದಲ್ಲಿ ರುಮಾಲಿನಿಂದ ಕೊರಳು ಬಿಗಿದು ಕೊಲ್ಲುತ್ತಿದ್ದ ಠಕ್ಕರನ್ನು ಕುರಿತ ಪ್ರಸಿದ್ಧ ಕಾದಂಬರಿಯ ಕರ್ತೃವು ಇದೇ ದಾರಿಯ ನಳದುರ್ಗದಲ್ಲಿಯೂ, ಅದಕ್ಕೆ ಮೊದಲು ನಮ್ಮ ಸುರಪುರದಲ್ಲಿಯೂ ಆಡಳಿತ ನಡೆಸಿದವನು. ಅವನ ಹೆಸರು ಫಿಲಿಪ್ ಮೆಡೋಸ್ ಟೇಲರ್.

ಅವನ ಬಳಿಗೆ ಬರುವ ಮುನ್ನ ಈ ಕಥಾಜಾತಿಯ ಬೇರು ನಮ್ಮಲ್ಲಿ ಎಷ್ಟು ಹಳೆಯದೆಂಬುದನ್ನು ಸಂಕ್ಷೇಪವಾಗಿ ಸ್ಮರಿಸಬೇಕು. ವಿದರ್ಭದ ಪದ್ಮಪುರದವನೆಂದು ತನ್ನನ್ನು ಹೇಳಿಕೊಂಡಿರುವ ಭವಭೂತಿಯು ಎಂಟನೆಯ ಶತಮಾನದಲ್ಲಿ ರಚಿಸಿದ 'ಮಾಲತೀಮಾಧವ'ದಲ್ಲಿ, ಕಾಪಾಲಿಕ ಅಘೋರಘಂಟನು ಮಾಲತಿಯನ್ನು ಚಾಮುಂಡೆಗೆ ಬಲಿಕೊಡಲು ಸಿದ್ಧನಾಗಿರುವಾಗ, ಪ್ರೇಮದಲ್ಲಿ ಹತಾಶನಾಗಿ ಅದೇ ಶ್ಮಶಾನದಲ್ಲಿ ಅಲೆಯುತ್ತಿದ್ದ ಮಾಧವನು ಅವಳ ಆರ್ತಸ್ವರವನ್ನು ಕೇಳಿ ಓಡಿಬಂದು ಆ ಕಾಪಾಲಿಕನನ್ನು ಸಂಹರಿಸುತ್ತಾನೆ. ಇಂದಿನ ರೋಚಕ ಪ್ರೇಮಕಥೆಯ ಸಕಲ ಅಂಗಗಳೂ ಅಲ್ಲಿವೆ. ಗುರುವನ್ನು ಕಳೆದುಕೊಂಡ ಶಿಷ್ಯೆ ಕಪಾಲಕುಂಡಲೆ ಸೇಡಿಗಾಗಿ ಮಾಲತಿಯನ್ನು ಮತ್ತೆ ಅಪಹರಿಸುತ್ತಾಳೆ. ಪಂಥವು ಗುರುವಿನೊಡನೆ ಸಾಯುವುದಿಲ್ಲವೆಂಬ ಸಂಗತಿಯೂ ಭವಭೂತಿಗೆ ತಿಳಿದಿತ್ತು. ಕಪಾಲಕುಂಡಲೆಯ ಹೆಸರನ್ನೇ ಎತ್ತಿಕೊಂಡು ಬಂಕಿಮಚಂದ್ರರು 1866ರಲ್ಲಿ ಬರೆದ ಕಾದಂಬರಿಯಲ್ಲಿ, ಕಾಪಾಲಿಕನ ಸಾಕುಮಗಳೇ ಬಲಿಗೆಂದು ಕಟ್ಟಿಹಾಕಿದ್ದ ನಾಯಕ ನವಕುಮಾರನ ಕಟ್ಟು ಬಿಚ್ಚಿ ಬಿಡಿಸುತ್ತಾಳೆ. ಸೇಡಿನ ಹೆಂಗಸು ಸಾವಿರ ವರ್ಷಗಳ ಬಳಿಕ ಕರುಣೆಯ ಹುಡುಗಿಯಾದಳು. ಪಂಥದಲ್ಲಿ ಬೆಳೆದ ಮಗುವಿಗೂ ಒಂದು ಅಂತಃಕರಣವಿದೆಯೆಂಬುದನ್ನು ಕಥೆಗಾರನು ಕಂಡುಕೊಂಡನು. ಇದು ಸಣ್ಣ ಬೆಳವಣಿಗೆಯಲ್ಲ.

ಆದರೆ ಕನ್ನಡದವರಾದ ನಮಗೆ ಇವೆರಡಕ್ಕಿಂತ ಹತ್ತಿರದ, ನನ್ನ ಮಟ್ಟಿಗೆ ಇವೆರಡಕ್ಕಿಂತ ಗಂಭೀರವಾದ ನಿದರ್ಶನವೊಂದಿದೆ. ಹೊಯ್ಸಳ ವೀರಬಲ್ಲಾಳನಿಂದ ಕವಿಚಕ್ರವರ್ತಿಯೆಂಬ ಬಿರುದನ್ನು ಪಡೆದ ಜನ್ನನು 1209ರಲ್ಲಿ ಮುಗಿಸಿದ 'ಯಶೋಧರ ಚರಿತೆ'ಯು ಆರಂಭವಾಗುವುದು ಚಂಡಮಾರಿಯ ಜಾತ್ರೆಯಲ್ಲಿ. ರಾಜಪುರದ ಅರಸು ಮಾರಿದತ್ತನು ನರಯುಗ್ಮವೊಂದನ್ನು ಬಲಿಗೆ ತರಿಸುತ್ತಾನೆ. ತಳಾರನು ಹಿಡಿದುತಂದ ಅಭಯರುಚಿ, ಅಭಯಮತಿ ಎಂಬ ಎಳೆಯ ಅಣ್ಣತಂಗಿಯರು ಕತ್ತಿಯ ಮುಂದೆ ನಿಂತೂ ಅಳುಕುವುದಿಲ್ಲ. ಆ ನಿರ್ಭಯತೆಗೆ ಬೆರಗಾದ ಅರಸನು, ನೀವು ಯಾರು ಎಂದು ಕೇಳುತ್ತಾನೆ. ಹುಡುಗನು ತಮ್ಮ ಹಿಂದಿನ ಜನ್ಮಗಳ ಕಥೆ ಹೇಳತೊಡಗುತ್ತಾನೆ. ಯಶೋಧರ ರಾಜನ ಮಡದಿ ಅಮೃತಮತಿಯು ಮಾವುತ ಅಷ್ಟಾವಂಕನ ಹಾಡಿಗೆ ಮನಸೋತದ್ದು, ಅದನ್ನು ಕಂಡ ಯಶೋಧರನು ತಾಯಿಯ ಒತ್ತಾಯಕ್ಕೆ ಕಟ್ಟುಬಿದ್ದು, ಜೀವಹಿಂಸೆಗೆ ಹೇಸಿ ಹಿಟ್ಟಿನ ಕೋಳಿಯನ್ನು ಬಲಿಕೊಟ್ಟದ್ದು, ಆ ಹಿಟ್ಟಿನ ಕೋಳಿಯು ಕೂಗಿದ್ದು, ಮುಂದೆ ಆ ತಾಯಿಮಕ್ಕಳು ವಿಷಕ್ಕೆ ಬಲಿಯಾಗಿ ಜನ್ಮಜನ್ಮಾಂತರಗಳಲ್ಲಿ ಬೆಂದದ್ದು, ಇವೆಲ್ಲವನ್ನೂ ಕೇಳುತ್ತ ಕೇಳುತ್ತ ಮಾರಿದತ್ತನ ಮನಸ್ಸು ಕರಗುತ್ತದೆ, ಬಲಿ ನಿಲ್ಲುತ್ತದೆ. ಬಲಿಪಂಥವನ್ನು ಇಲ್ಲಿ ಉರುಳಿಸಿದುದು ಖಡ್ಗವಲ್ಲ, ಕಥನ. ಅದೂ ಬಲಿಗೆ ನಿಂತವನ ಬಾಯಿಂದ ಬಂದ ಕಥನ. ಸಾವಿನ ಎದುರು ನಿಂತ ಕಥೆಗಾರನನ್ನು ಅರಸನು ಯಾವ ಕ್ಷಣದಲ್ಲಿ ತಡೆದಾನೋ ಎಂಬ ಆತಂಕದಲ್ಲಿ ಓದುಗನು ಪ್ರತಿ ಪದ್ಯವನ್ನೂ ದಾಟುವನು. ಕುತೂಹಲವನ್ನು ಧರ್ಮಸೂಕ್ಷ್ಮಕ್ಕೆ ದುಡಿಸಿಕೊಂಡ ಇಂಥ ಮತ್ತೊಂದು ಕಾವ್ಯವು ನಮ್ಮ ಭಾಷೆಯಲ್ಲಿ ದುರ್ಲಭ. ಹಿಟ್ಟಿನ ಕೋಳಿಯ ಸಂಗತಿಯನ್ನು ಮನಸ್ಸಿನಲ್ಲಿಟ್ಟುಕೊಂಡಿರಿ. ಕೃತ್ಯದ ಹೊರಮೈಗಿಂತ ಸಂಕಲ್ಪದ ಒಳಮೈಯನ್ನು ತೂಗಿ ನೋಡುವ ಜನ್ನನ ನ್ಯಾಯಬುದ್ಧಿಯನ್ನು ಮುಂದೆ ಇನ್ನೊಂದು ಬಗೆಯ ನ್ಯಾಯದ ಪಕ್ಕದಲ್ಲಿ ಇಡಬೇಕಾಗಿದೆ.

ಇನ್ನು ಟೇಲರನ ವಿಷಯ. 1808ರಲ್ಲಿ ಲಿವರ್‌ಪೂಲಿನಲ್ಲಿ ಜನಿಸಿದ ಈತನು ಇನ್ನೂ ಬಾಲಕನಾಗಿರುವಾಗಲೇ, 1824ರಲ್ಲಿ, ಮುಂಬಯಿಯ ವರ್ತಕನೊಬ್ಬನ ಬಳಿ ಕೆಲಸಕ್ಕೆಂದು ಬಂದು, ಅದು ಕೈಗೂಡದೆ ನಿಜಾಮನ ಸೈನ್ಯವನ್ನು ಸೇರಿದನು. ಆ ದಶಕದ ಕೊನೆಯಲ್ಲಿ ನಿಜಾಮ ರಾಜ್ಯದ ನೈಋತ್ಯ ಜಿಲ್ಲೆಗಳ ಪೊಲೀಸು ವ್ಯವಸ್ಥೆಯು ಅವನ ಕೈಯಲ್ಲಿದ್ದಿತು. ದಾರಿಯಲ್ಲಿ ಕಾಣೆಯಾಗುತ್ತಿದ್ದ ಪ್ರಯಾಣಿಕರ ಜಾಡನ್ನು ಹಿಡಿಯುತ್ತಿದ್ದಂತೆಯೇ ಅವನನ್ನು ಮರಳಿ ಸೈನ್ಯಕ್ಕೆ ಕರೆಸಿಕೊಂಡರು. ಆ ಜಾಡನ್ನು ಕೊನೆಯವರೆಗೆ ಹಿಡಿದು ಕೀರ್ತಿ ಪಡೆದವನು ನರ್ಮದಾ ಪ್ರಾಂತದ ವಿಲಿಯಂ ಸ್ಲೀಮನ್. ತನ್ನ ಕೈಯಿಂದ ಆ ಶೋಧ ತಪ್ಪಿಹೋದುದಕ್ಕೆ ಟೇಲರನು ತನ್ನ ಆತ್ಮಕಥೆಯಲ್ಲಿ ಮರುಗಿದ್ದಾನೆ. ಸೈನಿಕನಿಗೆ ತಪ್ಪಿದುದು ಕಾದಂಬರಿಕಾರನಿಗೆ ಒದಗಿತೆನ್ನಬೇಕು. 1832ರಲ್ಲಿ ಹಿಂಗೋಲಿಯ ದಂಡಿನಲ್ಲಿ ಅವನಿದ್ದಾಗ, ಅಲ್ಲಿಯ ಗಣ್ಯ ವರ್ತಕನೂ ಟೇಲರನೊಡನೆ ಕೊಳ್ಳುಕೊಡುವ ವ್ಯವಹಾರವಿದ್ದವನೂ ಆದ ಹರಿಸಿಂಗನೇ ಠಕ್ಕರ ನಾಯಕನೆಂದು ಬಯಲಾಯಿತು. ಅವನು ಮುಂಬಯಿಯಿಂದ ಬಟ್ಟೆ ತರಿಸಲು ಅಧಿಕಾರಿ ಕ್ಯಾಪ್ಟನ್ ರೆನಾಲ್ಡ್ಸನಿಂದ ರಹದಾರಿಯನ್ನು ಪಡೆದು, ಆ ಬಟ್ಟೆಯ ನಿಜವಾದ ಒಡೆಯನನ್ನೂ ಅವನ ಆಳುಗಳನ್ನೂ ದಾರಿಯಲ್ಲಿ ಕೊಂದು, ಅದೇ ರಹದಾರಿಯ ರಕ್ಷಣೆಯಲ್ಲಿ ಮಾಲನ್ನು ತಂದು, ದಂಡಿನ ನಡುವೆಯೇ ಬಹಿರಂಗವಾಗಿ ಮಾರಿದ್ದನು. ಪಕ್ಕದ ಅಂಗಡಿಯ ಸಾಹುಕಾರನ ಸೌಜನ್ಯದಲ್ಲಿ ಕೇಡು ಮನೆಮಾಡಿಕೊಂಡಿದ್ದ ಈ ಸಂಗತಿಯೇ ಆ ಕಾದಂಬರಿಯ ಬೀಜವೆಂದು ನನ್ನ ಭಾವನೆ.

ಕನ್ನಡನಾಡಿಗೂ ಈ ಕಥೆಯಲ್ಲಿ ಪಾಲಿದೆ. 1799ರಲ್ಲಿ ಶ್ರೀರಂಗಪಟ್ಟಣವು ಬಿದ್ದ ಕೆಲವೇ ದಿನಗಳಲ್ಲಿ ಬೆಂಗಳೂರಿನ ಆಸುಪಾಸಿನಲ್ಲಿ ಸುಮಾರು ನೂರು ಮಂದಿ ಫಾಂಸಿಗರರು, ಅಂದರೆ ಠಕ್ಕರು, ಸೆರೆಸಿಕ್ಕ ವೃತ್ತಾಂತವು ಅಂದಿನ ಬರಹಗಳಲ್ಲಿದೆ. 1816ರಲ್ಲಿ ಮದರಾಸಿನ ವೈದ್ಯ ಶೆರ್ವುಡ್ ಇವರನ್ನು ಕುರಿತು ಬರೆದ ಲೇಖನದಲ್ಲಿ ಕನ್ನಡಿಗರು ಇವರನ್ನು ತಂತಿಕಳ್ಳರೆಂದು ಕರೆಯುತ್ತಿದ್ದುದು ದಾಖಲಾಗಿದೆ.

1839ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಪ್ರಕಟವಾದ 'ಕನ್‌ಫೆಶನ್ಸ್ ಆಫ್ ಎ ಥಗ್' ಎಂಬ ಆ ಕಾದಂಬರಿಯಲ್ಲಿ, ಸೆರೆಯಲ್ಲಿರುವ ಮಾಫಿಸಾಕ್ಷಿ ಅಮೀರ ಅಲಿಯು ತನ್ನ ಬದುಕನ್ನು ಸಾಹೇಬನಿಗೆ ಹೇಳುತ್ತ ಹೋಗುತ್ತಾನೆ. ಐದು ವರ್ಷದ ಮಗುವಾಗಿದ್ದಾಗ ತಂದೆತಾಯಿಗಳೊಡನೆ ಇಂದೂರಿನ ಕಡೆಗೆ ಹೊರಟಿದ್ದ ಅವನನ್ನು, ಅವನ ಹೆತ್ತವರನ್ನು ಕೊಂದ ತಂಡದ ಜಮಾದಾರ ಇಸ್ಮಾಯಿಲನೇ ಎತ್ತಿಕೊಂಡು ಹೋಗಿ ಮಗನಂತೆ ಸಾಕುತ್ತಾನೆ. ಇಲ್ಲಿ ಟೇಲರನ ಪ್ರತಿಭೆಯು ಸಾಮಾನ್ಯ ಲೇಖಕನು ತುಳಿಯಬಹುದಾಗಿದ್ದ ಸುಲಭಮಾರ್ಗವನ್ನು ಬಿಟ್ಟಿತು. ಇಸ್ಮಾಯಿಲನ ಪ್ರೀತಿಯು ವೇಷವಲ್ಲ. ಅವನು ಆ ಹುಡುಗನನ್ನು ನಿಜವಾಗಿಯೂ ಪ್ರೀತಿಸುತ್ತಾನೆ, ಓದು ಕಲಿಸುತ್ತಾನೆ, ಅವನ ಏಳಿಗೆಯನ್ನು ಕಂಡು ಹಿಗ್ಗುತ್ತಾನೆ, ಮತ್ತು ಆ ಪ್ರೀತಿಯ ಪರಾಕಾಷ್ಠೆಯಾಗಿ ತನ್ನಲ್ಲಿರುವ ಅತ್ಯುತ್ತಮ ವಸ್ತುವೆಂದು ತಾನು ಭಾವಿಸಿದುದನ್ನು, ಅಂದರೆ ರುಮಾಲಿನ ವಿದ್ಯೆಯನ್ನು, ಅವನ ಕೈಗೆ ಕೊಡುತ್ತಾನೆ. ದೀಕ್ಷೆಯ ದಿನ ತಿನ್ನಿಸುವ ಬೆಲ್ಲಕ್ಕೆ ಮನುಷ್ಯನ ಸ್ವಭಾವವನ್ನೇ ಮಾರ್ಪಡಿಸುವ ಶಕ್ತಿಯಿದೆಯೆಂದು ಠಕ್ಕರು ನಂಬಿದ್ದರು. ಆ ಶಕ್ತಿಯು ಬೆಲ್ಲದಲ್ಲಿರಲಿಲ್ಲ, ಅದನ್ನು ತಿನ್ನಿಸಿದ ಕೈಯ ಮಮತೆಯಲ್ಲಿದ್ದಿತು. ತಂದೆಯೆಂದು ನಂಬಿದವನು ಬಾಯಿಗಿಟ್ಟುದನ್ನು ಯಾವ ಮಗನು ಉಗುಳಿಯಾನು?

ಇದರ ಮೇಲೆ ಪ್ರೇಮಪ್ರಕರಣಗಳು ಬರುತ್ತವೆ. ಮೊದಲನೆಯದು ನರ್ತಕಿ ಜೋರಾಳದು. ಉಮರಖೇಡದ ನವಾಬನ ಸೆರೆಯಿಂದ ಅವಳನ್ನು ಬಿಡಿಸಿ ಹೈದರಾಬಾದಿಗೆ ತಂದ ಅಮೀರನಿಗೆ ಅವಳ ತಾಯಿ ಬಾಗಿಲು ಮುಚ್ಚುತ್ತಾಳೆ. ಸೊಗಸಾದ ಪ್ರಕರಣವಾದರೂ ಅದು ಸಾಹಸಕಥೆಯ ಪರಿಚಿತ ಅಲಂಕಾರವೇ ಆದುದರಿಂದ ಅಲ್ಲಿ ನಿಲ್ಲಬೇಕಾಗಿಲ್ಲ. ಎರಡನೆಯವಳಾದ ಅಜೀಮಾಳ ಬಳಿ ಮಾತ್ರ ನಾವು ನಿಲ್ಲಲೇಬೇಕು. ಕ್ರೂರಿಯಾದ ಮುದುಕ ಗಂಡನ ಮನೆಯನ್ನೂ ಹೈದರಾಬಾದನ್ನೂ ಬಿಟ್ಟು ಅಮೀರನೊಡನೆ ಹೊರಟ ಈ ತರುಣಿಯು ಅವನನ್ನು ವರ್ತಕನ ಮಗನೆಂದೇ ಬಲ್ಲಳು. ಮದುವೆಯಾಗುತ್ತದೆ, ಮಕ್ಕಳಾಗುತ್ತವೆ, ಪ್ರತಿ ವರ್ಷವೂ ಮಳೆಗಾಲ ಕಳೆದ ಮೇಲೆ ಗಂಡನು ವ್ಯಾಪಾರಕ್ಕೆಂದು ಹೊರಡುವನು, ಬರುವಾಗ ಶಾಲು, ಮುತ್ತು, ಬಂಗಾರಗಳನ್ನು ತರುವನು, ಆ ಒಡವೆಗಳು ಯಾವ ಕೊರಳಿನಿಂದ ಇಳಿದವೆಂಬುದನ್ನು ಅರಿಯದೆ ಅವಳು ತೊಟ್ಟುಕೊಂಡು ನಲಿಯುವಳು. ಅಮೀರನು ಠಕ್ಕನೆಂಬುದು ಮೊದಲ ಪುಟದಿಂದಲೇ ಓದುಗನಿಗೆ ಗೊತ್ತಿರುವುದರಿಂದ, ಮುಂದೆ ಕೊಲೆಯಾಗುವವರು ಯಾರೆಂಬ ಪ್ರಶ್ನೆಯು ಬಹುಬೇಗ ತನ್ನ ತೀಕ್ಷ್ಣತೆಯನ್ನು ಕಳೆದುಕೊಳ್ಳುತ್ತದೆ. ನೂರಾರು ಪುಟಗಳವರೆಗೆ ನಮ್ಮ ಉಸಿರನ್ನು ಹಿಡಿದು ನಿಲ್ಲಿಸುವ ಪ್ರಶ್ನೆಯು ಅಜೀಮಾಳಿಗೆ ಎಂದು ತಿಳಿಯುವುದೆಂಬುದು. ತಂಬಾಕು ತನ್ನಿ ಎಂಬ ಸಾಮಾನ್ಯ ಮಾತೇ ಕೊಲೆಯ ಸಂಜ್ಞೆಯಾಗಿರುವ ಲೋಕದಲ್ಲಿ, ಮನೆಯೊಳಗೆ ಆಡುವ ಸಾಮಾನ್ಯ ಮಾತುಗಳೆಲ್ಲವೂ ನಮಗೆ ನಡುಕ ಹುಟ್ಟಿಸತೊಡಗುತ್ತವೆ.

ಆ ದಿನವೂ ಬರುತ್ತದೆ. ಜಾಲೌನಿನ ರಾಜನು ತಂದೆಮಕ್ಕಳನ್ನು ಹಿಡಿಸುತ್ತಾನೆ. ಇಸ್ಮಾಯಿಲನು ಆನೆಯ ಕಾಲಿಗೆ ಬೀಳುತ್ತಾನೆ, ಅಮೀರನ ಹಣೆಯ ಮೇಲೆ ಬರೆ ಬೀಳುತ್ತದೆ, ಸತ್ಯವನ್ನು ತಿಳಿದ ಅಜೀಮಾ ಆ ಆಘಾತದಲ್ಲಿ ಮಡಿಯುತ್ತಾಳೆ. ಮಗಳು ಮಾಸೂಮಾ ಮುಲ್ಲಾನೊಬ್ಬನ ಆಶ್ರಯದಲ್ಲಿ ಉಳಿಯುತ್ತಾಳೆ. ಇಷ್ಟಕ್ಕೇ ಮುಗಿಯದೆ, ದಾರಿಯಲ್ಲಿ ತಾನು ಕೊಂದು ಕೊರಳ ಬೆಳ್ಳಿಯ ನಾಣ್ಯವನ್ನು ಕಿತ್ತುಕೊಂಡಿದ್ದ ಹೆಂಗಸು ತನ್ನ ಒಡಹುಟ್ಟಿದ ತಂಗಿಯೆಂಬ ಸಂಗತಿಯೂ ಅವನಿಗೆ ಗೋಚರವಾಗುತ್ತದೆ. ರೂಢಿಯ ರೋಚಕ ಕಾದಂಬರಿಯಲ್ಲಿ ಪ್ರೇಮವು ನಾಯಕನನ್ನು ಉದ್ಧರಿಸಿ, ಪಂಥವನ್ನು ಉರುಳಿಸಿ, ಮದುವೆಯ ಮಂಟಪದಲ್ಲಿ ಮುಗಿಯುತ್ತದೆ. ಟೇಲರನಲ್ಲಿ ಪ್ರೇಮವು ಯಾರನ್ನೂ ಉದ್ಧರಿಸುವುದಿಲ್ಲ. ಅದು ಮಾಡುವ ಕೆಲಸವೊಂದೇ, ಆ ಕೇಡಿನ ನಿಜವಾದ ಬೆಲೆಯನ್ನು ನಮಗೆ ಎಣಿಸಿ ತೋರಿಸುವುದು. 719 ಕೊಲೆಗಳಲ್ಲಿ ಭಾಗಿಯಾದೆನೆಂದೂ, ಹನ್ನೆರಡು ವರ್ಷ ಸೆರೆಯಲ್ಲಿರದಿದ್ದರೆ ಅದು ಸಾವಿರಕ್ಕೆ ಮುಟ್ಟುತ್ತಿದ್ದಿತೆಂದೂ ಹೇಳಿಕೊಳ್ಳುವ ಮನುಷ್ಯನ ವಿಷಯದಲ್ಲಿ ಆ ಸಂಖ್ಯೆಯು ನಮ್ಮ ಬುದ್ಧಿಯನ್ನು ಜಡಗೊಳಿಸುತ್ತದೆ. ಅಜೀಮಾಳ ಒಂದು ಮರಣವು ಎಚ್ಚರಿಸುತ್ತದೆ. ಕೃತಿಯ ಶ್ರೇಷ್ಠತೆ ಇದು. ಹೈದರಾಬಾದಿನ ಸಾಹುಕಾರ ವಿಲಿಯಂ ಪಾಮರನ ಮಗಳು ಮೇರಿಯನ್ನು ವರಿಸಿದ್ದ ಟೇಲರನಿಗೆ, ಪಾಮರನ ತಾಯಿಯು ಮುಸಲ್ಮಾನ ಬೇಗಮಳಾಗಿದ್ದುದರಿಂದ, ಆ ಅಂತಃಪುರದ ನಯವಿನಯಗಳು ಕೇವಲ ಕೇಳಿದ ಸುದ್ದಿಯಾಗಿರಲಿಲ್ಲ. ಅಜೀಮಾಳ ಚಿತ್ರದಲ್ಲಿರುವ ಮೃದುತ್ವವು ಅಲ್ಲಿಂದ ಬಂದುದೆಂದು ನಾನು ಭಾವಿಸುತ್ತೇನೆ.

ಕೃತಿಯ ದೋಷವನ್ನೂ ಹೇಳಬೇಕು. ಅಜೀಮಾಳ ಮನಸ್ಸು ನಮಗೆ ಅವಳ ಬಾಯಿಂದ ಎಂದೂ ತಿಳಿಯುವುದಿಲ್ಲ. ಕೊಂದವನ ಕಥನದೊಳಗೆ ಅವಳು ಸುಂದರಮೂರ್ತಿಯಾಗಿ ಬಂದು ಹೋಗುತ್ತಾಳೆ. ಜನ್ನನಲ್ಲಿ ಬಲಿಯಾಗಬೇಕಾಗಿದ್ದವನು ಮಾತನಾಡಿದನು, ಟೇಲರನಲ್ಲಿ ಬಲಿಗಾರನು ಮಾತನಾಡುತ್ತಾನೆ. ಅದೂ ತನ್ನ ಕೊರಳನ್ನು ಉಳಿಸಿಕೊಳ್ಳುವ ಕರಾರಿನ ಮೇಲೆ. ಕರಾರಿನ ಮೇಲೆ ಹೇಳಿದ ಕಥೆಯಲ್ಲಿ ಕೇಳುವವನಿಗೆ ಬೇಕಾದುದೇ ಹೆಚ್ಚಾಗಿ ಬರುವ ಸಂಭವವುಂಟು. ಸಾಹೇಬನಿಗೆ ಬೇಕಾಗಿದ್ದುದು ಭವಾನಿಯ ಆಜ್ಞೆ, ಶಕುನಗಳ ಶಾಸ್ತ್ರ, ಅನಾದಿಕಾಲದ ವಂಶಪರಂಪರೆ, ದೇಶವನ್ನೆಲ್ಲ ವ್ಯಾಪಿಸಿದ ಒಂದೇ ಒಂದು ಮಹಾಪಂಥ. ಸ್ಲೀಮನನು 1836ರಲ್ಲಿ ಪ್ರಕಟಿಸಿದ 'ರಾಮಸೀಯಾನಾ' ಎಂಬ ಠಕ್ಕಭಾಷೆಯ ಕೋಶವೂ ಇದೇ ಚಿತ್ರವನ್ನು ಗಟ್ಟಿಮಾಡಿತು. ಆದರೆ 1959ರಲ್ಲಿ ಹೀರಾಲಾಲ ಗುಪ್ತರೂ, 2007ರಲ್ಲಿ ಪ್ರಕಟವಾದ ಗ್ರಂಥದಲ್ಲಿ ಕಿಮ್ ವ್ಯಾಗ್ನರರೂ ದಫ್ತರಗಳನ್ನು ಶೋಧಿಸಿ ತೋರಿಸಿದಂತೆ, ಕೊಲೆಗಳು ನಿಜವಾದರೂ ಅವುಗಳ ಹಿಂದೆ ಧರ್ಮಕ್ಕಿಂತ ಹೆಚ್ಚಾಗಿ ಇದ್ದುದು ಯುದ್ಧಗಳು ನಿಂತು ಕೆಲಸ ಕಳೆದುಕೊಂಡ ಸಿಪಾಯಿಗಳ ದಾರಿದ್ರ್ಯ, ಕೊಳ್ಳೆಯಲ್ಲಿ ಪಾಲು ಪಡೆದು ಆಶ್ರಯ ಕೊಡುತ್ತಿದ್ದ ಸ್ಥಳೀಯ ಜಮೀನುದಾರರ ಲೋಭ. ಈ ಪುಣೆಯಲ್ಲಿಯೇ 1818ರಲ್ಲಿ ಪೇಶವೆಯ ಗಾದಿ ಉರುಳಿದಾಗ ಎಷ್ಟು ಸಾವಿರ ಕತ್ತಿಗಳು ಒಡೆಯನಿಲ್ಲದೆ ಹಾದಿಗೆ ಬಿದ್ದುವೆಂಬುದನ್ನು ಬಲ್ಲ ನಿಮಗೆ ಆ ವಾದವನ್ನು ವಿವರಿಸಬೇಕಾಗಿಲ್ಲ.

ಮಹಾಪಂಥದ ಈ ಚಿತ್ರವು ಸಾಹಿತ್ಯದ ಒಳಗಣ ದೋಷವಾಗಿ ಉಳಿದಿದ್ದರೆ ನಾನು ಇಷ್ಟು ವಿಸ್ತರಿಸುತ್ತಿರಲಿಲ್ಲ. ಕಂಪೆನಿ ಸರಕಾರದ 1836ರ 30ನೆಯ ಅಧಿನಿಯಮವು, ಕೊಲೆ ಮಾಡಿದನೆಂಬುದು ಸ್ಥಾಪಿತವಾಗಬೇಕಾಗಿಲ್ಲ, ಠಕ್ಕರ ತಂಡಕ್ಕೆ ಎಂದಾದರೂ ಸೇರಿದ್ದನೆಂದು ತೋರಿದರೆ ಸಾಕು, ಆಜೀವ ಕಾರಾಗೃಹವೆಂದು ವಿಧಿಸಿತು. ಟೇಲರನೇ ತನ್ನ ಪೀಠಿಕೆಯಲ್ಲಿ ಕೊಟ್ಟಿರುವ ಪಟ್ಟಿಯ ಪ್ರಕಾರ 1831ರಿಂದ 1837ರ ವರೆಗೆ ಹಿಡಿಯಲ್ಪಟ್ಟವರು 3,266. ಅವರಲ್ಲಿ ಗಲ್ಲಿಗೇರಿದವರು 412, ಪಿನಾಂಗ್ ಮೊದಲಾದ ದ್ವೀಪಾಂತರಗಳಿಗೆ ಹೋದವರು 1,059, ಮಾಫಿಸಾಕ್ಷಿಗಳಾದವರು 483. ವಿಚಾರಣೆಯಾಗಿ ಬಿಡುಗಡೆ ಹೊಂದಿದವರು 32. ಮಾಫಿಸಾಕ್ಷಿಯ ಬೆರಳು ಯಾರ ಕಡೆಗೆ ತಿರುಗಿತೋ ಅವನು ಉಳಿಯುವುದು ಎಷ್ಟು ದುಸ್ಸಾಧ್ಯವಾಗಿದ್ದಿತೆಂಬುದಕ್ಕೆ ಈ ಕೊನೆಯ ಅಂಕಿಯೇ ಪ್ರಮಾಣ. ಹಿಟ್ಟಿನ ಕೋಳಿಯ ಪ್ರಸಂಗದಲ್ಲಿ ಒಬ್ಬ ಮನುಷ್ಯನ ಒಂದು ಸಂಕಲ್ಪವನ್ನು ಜನ್ಮಾಂತರಗಳವರೆಗೆ ತೂಗಿದ ಜನ್ನನ ನ್ಯಾಯವೆಲ್ಲಿ, ಸಂಕಲ್ಪವನ್ನೂ ಕೃತ್ಯವನ್ನೂ ಬಿಟ್ಟು ಸಂಬಂಧವೊಂದನ್ನೇ ಶಿಕ್ಷಿಸಿದ ಈ ನ್ಯಾಯವೆಲ್ಲಿ! ಠಕ್ಕನೆಂಬ ಅಪರಾಧಿಯು 1860ರ ದಂಡಸಂಹಿತೆಯ 310ನೆಯ ಕಲಮಿನಲ್ಲಿ ಸ್ಥಾನ ಪಡೆದು, 2024ರ ಜುಲೈ 1ರಂದು ಹೊಸ ನ್ಯಾಯಸಂಹಿತೆಯು ಜಾರಿಗೆ ಬರುವ ತನಕ ನಮ್ಮ ಕಾನೂನಿನಲ್ಲಿಯೇ ವಾಸವಾಗಿದ್ದನು.

ಅದಕ್ಕಿಂತ ದಾರುಣವಾದುದು 1871ರಲ್ಲಿ ಸಂಭವಿಸಿತು. ಠಕ್ಕರ ಬೇಟೆಯಲ್ಲಿ ಬೇರೂರಿದ ವಂಶಪಾರಂಪರ್ಯದ ಅಪರಾಧವೆಂಬ ಕಲ್ಪನೆಯು ಅಪರಾಧಿ ಬುಡಕಟ್ಟುಗಳ ಕಾಯಿದೆಯಾಗಿ ಬೆಳೆದು, ಹುಟ್ಟಿದ ಮಗುವನ್ನೇ ಪೊಲೀಸು ಪಟ್ಟಿಯಲ್ಲಿ ಬರೆಯಿಸಿತು. 1911ರ ಪರಿಷ್ಕೃತ ಕಾಯಿದೆಯ ಮೂಲಕ ಮುಂಬಯಿ ಇಲಾಖೆಯಲ್ಲಿ ವ್ಯಾಪಿಸಿದ ಆ ವ್ಯವಸ್ಥೆಯಲ್ಲಿ ವಿಜಾಪುರ, ಹುಬ್ಬಳ್ಳಿ, ಗದಗ, ಸೊಲ್ಲಾಪುರಗಳಲ್ಲಿ ತಂತಿಬೇಲಿಯ ವಸಾಹತುಗಳು ಎದ್ದುವು. ಕೊರಚರು, ಘಂಟಿಚೋರರು, ಹರಣಶಿಕಾರಿಗಳು ಮೊದಲಾದ ಜನರು ಬೇಲಿಯೊಳಗೆ ಬಾಳಿ, ಹೊತ್ತುಹೊತ್ತಿಗೆ ಹಾಜರಿ ಕೊಟ್ಟು, ಗಿರಣಿಗಳಲ್ಲಿ ದುಡಿದರು. 1952ರ ಆಗಸ್ಟ್ 31ರಂದು ಆ ಕಾಯಿದೆ ರದ್ದಾಯಿತು. ಹುಬ್ಬಳ್ಳಿಯಲ್ಲಿ, ಗದಗಿನಲ್ಲಿ, ಸೊಲ್ಲಾಪುರದಲ್ಲಿ ಜನರ ಬಾಯಲ್ಲಿ ಸೆಟ್ಲಮೆಂಟ್ ಎಂಬ ಓಣಿಯ ಹೆಸರು ಇಂದಿಗೂ ರದ್ದಾಗಿಲ್ಲ. ಟೇಲರನೊಬ್ಬನ ಕಾದಂಬರಿಯಿಂದ ಇದೆಲ್ಲವೂ ಆಯಿತೆಂದು ನಾನು ಹೇಳುವುದಿಲ್ಲ, ಹಾಗೆ ಹೇಳುವುದು ಅನ್ಯಾಯವಾದೀತು. ಸುರಪುರದಲ್ಲಿ 1841ರಿಂದ ಹನ್ನೆರಡು ವರ್ಷ ಆಡಳಿತ ನಡೆಸಿ, ಬಾಲರಾಜ ವೆಂಕಟಪ್ಪ ನಾಯಕನಿಂದ ಅಪ್ಪಾ ಎಂದು ಕರೆಯಿಸಿಕೊಂಡು, 1858ರಲ್ಲಿ ಆ ರಾಜನು ದಂಗೆಯಲ್ಲಿ ಸೋತು ದುರ್ಮರಣಕ್ಕೀಡಾದಾಗ ಹೆತ್ತವನಂತೆ ಶೋಕಿಸಿದ ಟೇಲರನ ಹೃದಯವು ಕಠಿನವಾಗಿರಲಿಲ್ಲ. ಆದರೂ ಒಂದು ಪಂಥವನ್ನು ಕೆಡಹುವ ಕಥೆಯು ಓದುಗನಲ್ಲಿ ಎಬ್ಬಿಸುವ ಭಯಕ್ಕೆ ಕಾದಂಬರಿಕಾರನೇ ಉತ್ತರವಾದಿಯೆಂಬುದು ನನ್ನ ದೃಢವಾದ ಮತ. ಆ ಭಯವು ಕಥೆಯ ಕೊನೆಯ ಪುಟದಲ್ಲಿ ಶಮನವಾಗದೆ ಹೊರಗೆ ಉಳಿದುಕೊಂಡರೆ ಅದು ಮುಂದೆ ಯಾರ ಮೇಲಾದರೂ ಬೀಳುತ್ತದೆ, ಮತ್ತು ಬೀಳುವುದು ಬಹುಮಟ್ಟಿಗೆ ಬಡವರ ಮೇಲೆಯೇ.

ಈ ಪುಣೆಯಲ್ಲಿ ನಿಂತು ಇಂಥ ವಿಷಯವನ್ನು ಮಾತನಾಡುವಾಗ ಡಾಕ್ಟರ್ ನರೇಂದ್ರ ದಾಭೋಳ್ಕರರನ್ನು ಸ್ಮರಿಸದೆ ಮುಂದೆ ಹೋಗಲಾರೆ. ಸಾತಾರೆಯ ವೈದ್ಯರೂ, 1989ರಲ್ಲಿ ಮಹಾರಾಷ್ಟ್ರ ಅಂಧಶ್ರದ್ಧಾ ನಿರ್ಮೂಲನ ಸಮಿತಿಯನ್ನು ಸ್ಥಾಪಿಸಿದವರೂ, 'ಸಾಧನಾ' ವಾರಪತ್ರಿಕೆಯ ಸಂಪಾದಕರೂ ಆಗಿದ್ದ ಅವರನ್ನು 2013ರ ಆಗಸ್ಟ್ 20ರ ಬೆಳಗಿನಲ್ಲಿ ಓಂಕಾರೇಶ್ವರದ ಸೇತುವೆಯ ಮೇಲೆ ಗುಂಡಿಟ್ಟು ಕೊಂದರು.  ಎರಡು ವರ್ಷಗಳ ಬಳಿಕ ಅದೇ ತಿಂಗಳ 30ರಂದು ಧಾರವಾಡದಲ್ಲಿ ಸಂಶೋಧಕ ಎಂ. ಎಂ. ಕಲಬುರ್ಗಿಯವರನ್ನು ಅವರ ಮನೆಯ ಬಾಗಿಲಲ್ಲಿಯೇ ಗುಂಡಿಗೆ ನಾವು ಕಳೆದುಕೊಂಡೆವು. ಅಂಧಶ್ರದ್ಧೆಯ ವಿರುದ್ಧ ದಾಭೋಳ್ಕರರು ಬಹುವರ್ಷಗಳ ಕಾಲ ಬೇಡಿದ ಕಾನೂನು ಅವರು ಮಡಿದ ಕೆಲವೇ ದಿನಗಳಲ್ಲಿ ಸುಗ್ರೀವಾಜ್ಞೆಯಾಗಿ ಬಂದು, ಅದೇ ವರ್ಷದ ಡಿಸೆಂಬರಿನಲ್ಲಿ ವಿಧಾನಮಂಡಲದ ಒಪ್ಪಿಗೆಯನ್ನು ಪಡೆಯಿತು. ಕರ್ನಾಟಕವೂ 2017ರಲ್ಲಿ ತನ್ನದೇ ಕಾನೂನನ್ನು ರಚಿಸಿತು. ಮಹಾರಾಷ್ಟ್ರದ ಕಾನೂನು ನರಬಲಿಯನ್ನೂ ಅಘೋರಿ ಆಚರಣೆಗಳನ್ನೂ ಹೆಸರಿನಲ್ಲಿಯೇ ಹೊತ್ತಿದೆ. ಆದರೆ ಅದು ಯಾವ ಪಂಥದವರನ್ನೂ ಯಾವ ಜಾತಿಯವರನ್ನೂ ಅಪರಾಧಿಗಳೆಂದು ಎಣಿಸುವುದಿಲ್ಲ. 12 ಕೃತ್ಯಗಳ ಅನುಸೂಚಿಯೊಂದನ್ನು ಮುಂದಿಟ್ಟು, ಆ ಕೃತ್ಯಗಳಿಗಾಗಿಯೇ ಶಿಕ್ಷಿಸುತ್ತದೆ. 1836ರ ಅಧಿನಿಯಮಕ್ಕೂ ಇದಕ್ಕೂ ಇರುವ ಅಂತರವು ನಾಗರಿಕತೆಯ ಅಂತರ. ದಾಭೋಳ್ಕರರ ಹತ್ಯೆಯ ಮೊಕದ್ದಮೆಯಲ್ಲಿಯೂ 2024ರ ಮೇ 10ರಂದು ಪುಣೆಯ ನ್ಯಾಯಾಲಯವು ಇಬ್ಬರಿಗೆ ಜೀವಾವಧಿ ಶಿಕ್ಷೆಯನ್ನು ವಿಧಿಸಿ, ಮೂವರನ್ನು ಬಿಡುಗಡೆ ಮಾಡಿತು. ಸುಮಾರು ಹನ್ನೊಂದು ವರ್ಷದ ವಿಳಂಬಕ್ಕಾಗಿ ನಾವು ದುಃಖಿಸಬಹುದು. ಆದರೂ ಒಬ್ಬೊಬ್ಬನ ಮೇಲಣ ಸಾಕ್ಷ್ಯವನ್ನು ಬೇರೆಬೇರೆಯಾಗಿ ತೂಗುವ ಪದ್ಧತಿಯನ್ನು ನಾವು ಬಿಟ್ಟುಕೊಡುವಂತಿಲ್ಲ.

ಆದಕಾರಣ ಪಂಥಭಂಗದ ಕಾದಂಬರಿಯನ್ನು ಇನ್ನು ಮುಂದೆ ಕನ್ನಡದಲ್ಲಿ ಬರೆಯುವವರಿಂದ ನಾನು ನಿರೀಕ್ಷಿಸುವುದು ಇದು. ಅವರು ರೋಚಕತೆಗೆ ಹೆದರಬೇಕಾಗಿಲ್ಲ. ಪೂರ್ಣಚಂದ್ರ ತೇಜಸ್ವಿಯವರ 'ಜುಗಾರಿ ಕ್ರಾಸ್' ಎಂಬ ಕೃತಿಯಲ್ಲಿ, ಕಳ್ಳಸಾಗಣೆಯ ಜಾಲಕ್ಕೆ ಸಿಕ್ಕಿಬಿದ್ದ ದಂಪತಿಗಳ ಒಂದೇ ಪ್ರಯಾಣದಲ್ಲಿ ಮಲೆನಾಡಿನ ಅರ್ಥವ್ಯವಸ್ಥೆಯನ್ನೆಲ್ಲ ತೋರಿಸಲು ಸಾಧ್ಯವೆಂಬುದು ಸಿದ್ಧವಾಗಿದೆ. ಪಂಥದೊಳಗಿನ ವಾತ್ಸಲ್ಯವನ್ನು ಟೇಲರನಷ್ಟೇ ಸತ್ಯವಾಗಿ ಚಿತ್ರಿಸಬೇಕು, ಏಕೆಂದರೆ ಅದನ್ನು ಮರೆಮಾಚಿದರೆ ವಿವೇಕಿಗಳಾದ ಜನರು ಅಲ್ಲಿಗೆ ಏಕೆ ಹೋದರೆಂಬುದೇ ಓದುಗನಿಗೆ ತಿಳಿಯದು, ಅವನು ತನ್ನನ್ನು ಕಾಪಾಡಿಕೊಳ್ಳುವ ವಿವೇಕವನ್ನೂ ಪಡೆಯನು. ಆದರೆ ಮಾತನ್ನು ಜನ್ನನಂತೆ ಬಲಿಯ ಬಾಯಿಗೆ ಕೊಡಬೇಕು. ಅಜೀಮಾ ಮಾತನಾಡಬೇಕು. ಮುಲ್ಲಾನ ಮನೆಯಲ್ಲಿ ಬೆಳೆದ ಮಾಸೂಮಾಳಿಗೆ ತಂದೆಯ ಕಥೆಯನ್ನು ಯಾರು, ಹೇಗೆ ಹೇಳಿದರು, ಆ ಹೆಸರನ್ನು ಹೊತ್ತು ಅವಳು ಹೇಗೆ ಬಾಳಿದಳು ಎಂಬುದು ಟೇಲರನು ಬರೆಯದೆ ಬಿಟ್ಟ ಕಾದಂಬರಿ. ಟೇಲರನ ಇಡೀ ಕೃತಿಗಿಂತ ಅದು ದೊಡ್ಡದಾಗಬಲ್ಲುದೆಂದು ನನ್ನ ನಂಬಿಕೆ.

ಈ ನಗರದಲ್ಲಿ ನೆಲಸಿ, ಹಗಲೆಲ್ಲ ಗಣಕಯಂತ್ರದ ಮುಂದೆ ದುಡಿದು, ರಾತ್ರಿಯಲ್ಲಿ ಕನ್ನಡದಲ್ಲಿ ಬರೆಯುವ ತರುಣತರುಣಿಯರು ಈ ಸಭೆಯಲ್ಲಿದ್ದೀರಿ. ನಿಮ್ಮಲ್ಲಿ ಯಾರಾದರೂ ಆ ಕಾದಂಬರಿಯನ್ನು ಕೈಗೆತ್ತಿಕೊಳ್ಳಿರೆಂದು ಬೇಡುತ್ತೇನೆ. ಮತ್ತು ಮೊದಲ ಅಧ್ಯಾಯವನ್ನು ಬರೆಯುವ ಮುನ್ನ, ಇದೇ ಹೆದ್ದಾರಿಯಲ್ಲಿ ನಾಲ್ಕೈದು ಗಂಟೆ ಪ್ರಯಾಣ ಮಾಡಿ ಸೊಲ್ಲಾಪುರದ ಸೆಟ್ಲಮೆಂಟಿಗೆ ಹೋಗಿರಿ, ಅಲ್ಲಿಂದ ವಿಜಾಪುರಕ್ಕೂ ಗದಗಿಗೂ ಹುಬ್ಬಳ್ಳಿಗೂ ಹೋಗಿರಿ, ತಂತಿಬೇಲಿಯ ಹಾಜರಿಯನ್ನು ತಮ್ಮ ಅಜ್ಜಂದಿರ ಬಾಯಿಂದ ಕೇಳಿದ ಹಿರಿಯರು ಅಲ್ಲಿ ಇನ್ನೂ ಇದ್ದಾರೆ, ಅವರ ಮಾತನ್ನು ಬರೆದುಕೊಂಡು ಬನ್ನಿರಿ.